ಕೆರಿಯಪ್ಪ ಮೇಷ್ಟ್ರು ಆಫ್ ಮಾಡದ ಕಂಪ್ಯೂಟರ್

ಸಿ.ಡಿ.ಯಿಂದಲೋ ಪೆನ್‌ಡ್ರೈವ್‌ನಿಂದಲೋ ನೇರವಾಗಿ ಚಾಲೂ ಆಗುವ ಲಿನಕ್ಸ್ ತಯಾರಿಸುವುದನ್ನು ಕಲಿಯಲು ಬರುವವರು ಮೊದಲು ಕೇಳುವುದು, ಅದರೊಳಗೆ ಏನೇನು ಹಾಕಬೇಕು ಎಂದು. ನಿವೃತ್ತನಾದ ಮೇಲೂ ಸಾಗರದ ನನ್ನ ಮನೆಗೆ ಅಂಥವರು ಆಗಾಗ ಬರುತ್ತಾರೆ. ಏನು ಹಾಕಬೇಕೆಂಬುದಕ್ಕೆ ಈಗ ಬೇಕಾದಷ್ಟು ಮಾರ್ಗದರ್ಶಿಗಳಿವೆ. ಏನು ತೆಗೆದೆವು, ತೆಗೆದದ್ದರಿಂದ ಯಾರಿಗೆ ಏನಾಯಿತು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ನಾನು ಪತ್ರಿಕೆಯವನು, ಆದದ್ದನ್ನು ಆದ ಹಾಗೆ ಬರೆದಿಡುವುದು ಅಭ್ಯಾಸ. ಅದಕ್ಕೇ ಇದು.

ಗೊತ್ತಿಲ್ಲದವರಿಗಾಗಿ ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಒಂದು ಮೂಲ ತಂತ್ರಾಂಶ. ಈ ಬಗೆಯ ಲಿನಕ್ಸನ್ನು ‘ಲೈವ್’ ಎನ್ನುತ್ತಾರೆ. ಅದು ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ. ಸಿ.ಡಿ.ಯಿಂದ ಎದ್ದು, ಯಂತ್ರದ ಮೆಮೊರಿಯಲ್ಲಿ ಬಿಡಾರ ಹೂಡಿ ಕೆಲಸ ಮಾಡುತ್ತದೆ. ಆಫ್ ಮಾಡಿದ ಕ್ಷಣ, ಅಷ್ಟು ಹೊತ್ತು ಅಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅದು ಕೆಟ್ಟದ್ದರಿಂದ ಆಗುವುದಲ್ಲ, ಅದು ಇರುವುದೇ ಹಾಗೆ. ಈ ಗುಣದಿಂದಾಗಿ ಹೊಸನಗರದ ಕೆರಿಯಪ್ಪ ಮೇಷ್ಟ್ರು ಮನೆಮನೆ ತಿರುಗಿ ಕೂಡಿಸಿದ ಮುದುಕರ ಮಾತುಗಳೆಲ್ಲ ಒಂದು ಬೇಸಿಗೆಯಲ್ಲಿ ಹೋಗಿಬಿಡುವುದರಲ್ಲಿದ್ದವು. ನಾನು ಹೇಳಹೊರಟಿರುವುದು ಅದನ್ನು. ಮಿಕ್ಕದ್ದು ಅದು ಅರ್ಥವಾಗಲೆಂದು.

ನಮ್ಮದು ಸಾಗರದಿಂದ ಹೊರಡುತ್ತಿದ್ದ ಸಣ್ಣ ದಿನಪತ್ರಿಕೆ. ವರದಿಗಾರನಾಗಿ ಸೇರಿದ ನಾನು ಡೆಸ್ಕಿಗೆ ಬಂದು, ಕಡೆಗೆ ಆಫೀಸಿನ ಕಂಪ್ಯೂಟರುಗಳ ಹೊಣೆ ಹೊತ್ತೆ. ಬೇರೆ ಯಾರೂ ಇರಲಿಲ್ಲ ಎಂಬುದಷ್ಟೇ ಕಾರಣ. ತೀರ್ಥಹಳ್ಳಿ, ಹೊಸನಗರ, ಆನಂದಪುರದ ನಮ್ಮ ವರದಿಗಾರರ ಬಳಿ ಸ್ವಂತ ಕಂಪ್ಯೂಟರ್ ಇರಲಿಲ್ಲ. ಒಬ್ಬರು ಸೊಸೈಟಿಯದರಲ್ಲಿ, ಮತ್ತೊಬ್ಬರು ಶಾಲೆಯದರಲ್ಲಿ, ಇನ್ನೊಬ್ಬರು ಬ್ರೌಸಿಂಗ್ ಸೆಂಟರಿನದರಲ್ಲಿ ಸುದ್ದಿ ಟೈಪ್ ಮಾಡಿ ಕಳಿಸುತ್ತಿದ್ದರು. ಒಂದೊಂದರಲ್ಲಿ ಒಂದೊಂದು ಕನ್ನಡ ಫಾಂಟು. ಅಲ್ಲಿ ಬರೆದದ್ದು ಇಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ. ಜೊತೆಗೆ ವೈರಸ್. ನಮ್ಮವರು ಹೋಗಿ ಏನೋ ಹಾಕಿಬಂದರು, ಆಮೇಲೆ ಯಂತ್ರವೇ ಏಳುತ್ತಿಲ್ಲ ಎಂದು ಸೊಸೈಟಿ ಕಾರ್ಯದರ್ಶಿಗಳ ದೂರು.

ನಮ್ಮ ಸಂಪಾದಕರು ವಿಶೇಷಣ ಕಂಡರೆ ಹೊಡೆದುಹಾಕುವ ಮನುಷ್ಯ. ಒಂದು ದಿನ ಕರೆದು ಕೇಳಿದರು:

“ಏನ್ರೀ, ನಮ್ಮ ಆಫೀಸನ್ನೇ ಮಡಚಿ ಅವರ ಜೇಬಿಗೆ ಹಾಕಿ ಕಳಿಸೋಕೆ ಆಗುತ್ತಾ?”

“ನೋಡ್ತೀನಿ ಸಾರ್.”

“ನೋಡಬೇಡಿ. ಆಗುತ್ತೆ ಅನ್ನಿ, ಇಲ್ಲ ಆಗಲ್ಲ ಅನ್ನಿ.”

ಆಗುತ್ತದೆ ಎಂದೆ. ಹೇಗೆಂದು ಗೊತ್ತಿರಲಿಲ್ಲ.

ಕೆಲಸದ ಕ್ರಮ ಹೀಗೆ. ಸಿದ್ಧವಿರುವ ಒಂದು ಲಿನಕ್ಸ್ ಸಿ.ಡಿ.ಯನ್ನು ಗಂಟು ಬಿಚ್ಚಿದಂತೆ ಬಿಚ್ಚಿ ಹರಡಿಕೊಳ್ಳಬೇಕು. ಆಟ, ಹಾಡು, ನಮಗೆ ಬೇಡದ ಹತ್ತೆಂಟು ಭಾಷೆಗಳನ್ನು ತೆಗೆಯಬೇಕು. ಕನ್ನಡದ ಫಾಂಟು, ಕೀಲಿಮಣೆಯ ವಿನ್ಯಾಸ, ನಮ್ಮ ಪುಟದ ಅಳತೆ ಸೇರಿಸಬೇಕು. ಮತ್ತೆ ಅಮುಕಿ ಗಂಟು ಕಟ್ಟಿ ಸಿ.ಡಿ.ಗೆ ಬರೆಯಬೇಕು. ಬರೆದದ್ದು ಏಳದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಿ ಮೊದಲಿನಿಂದ ಶುರು. ಕೆಟ್ಟ ಸಿ.ಡಿ.ಗಳನ್ನು ಪ್ರೆಸ್ಸಿನವರು ಒಯ್ದು ಹಕ್ಕಿ ಬೆದರಿಸಲು ತರಕಾರಿ ಮಡಿಗೆ ಕಟ್ಟುತ್ತಿದ್ದರು. ಹೆಗ್ಗೋಡಿನ ಹತ್ತಿರ ಒಬ್ಬರ ಬದನೆ ಮಡಿಯಲ್ಲಿ ನನ್ನ ಒಂದು ವಾರದ ದುಡಿಮೆ ಬಿಸಿಲಿಗೆ ತಿರುಗುತ್ತ ಹೊಳೆಯುವುದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ.

ಆಫೀಸಿನ ಒಳ್ಳೆಯ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿ ಸರಿಯಿದೆ ಎನ್ನಬೇಡಿ. ನಿಮ್ಮ ಸಿ.ಡಿ. ಓಡಬೇಕಾದ ಅತಿ ಕೆಟ್ಟ ಯಂತ್ರ ಎಲ್ಲಿದೆಯೋ ಅಲ್ಲಿಗೆ ಹೋಗಿ ಪರೀಕ್ಷೆ ಮಾಡಿ. ನಾನು ಇದನ್ನು ಕಲಿತದ್ದು ತೀರ್ಥಹಳ್ಳಿಯ ಶ್ರೀಧರ ಭಟ್ಟರಿಂದ. ಅವರು ಮೇಳಿಗೆಯ ಶಾಲೆಯೊಂದರ ಕಂಪ್ಯೂಟರಿನಲ್ಲಿ ನನ್ನ ಮೊದಲ ಸಿ.ಡಿ. ಹಾಕಿ, ದೇವಸ್ಥಾನದ ಸಭೆಯೊಂದರ ವರದಿ ಬರೆದು ಕಳಿಸಿದರು. ಸಂಪಾದಕರು ಅದನ್ನು ತೆರೆದು, ಕನ್ನಡಕ ಸರಿಮಾಡಿಕೊಂಡು, ಫೋನ್ ಎತ್ತಿದರು.

“ಭಟ್ರೆ, ಈಗ ಸಂಜೆ ನಾಲ್ಕು ಗಂಟೆ. ನೀವು ಈ ವರದಿ ಬರೆದದ್ದು ಇವತ್ತು ರಾತ್ರಿ ಒಂಬತ್ತೂವರೆಗೆ ಅಂತ ಇದೆಯಲ್ಲ?”

ಭಟ್ಟರ ಧ್ವನಿ ನನಗೂ ಕೇಳುವಷ್ಟು ಏರಿತು. “ಎಂಥ ಮಾತು ಮಾರಾಯ್ರೆ! ಸಭೆ ಮುಗಿಸಿಕೊಂಡು ಬಂದು ಕೂತು ಬರೆದದ್ದು. ನಾನು ನೋಡದೆ ಬರೆಯುವವನಲ್ಲ. ಹಾಗೇ ಬೇಕು ಅಂದ್ರೆ ರಾತ್ರಿ ಊಟಕ್ಕೆ ಎಂಥ ಪಾಯಸ ಆಗಿತ್ತು ಅಂತಲೂ ಈಗಲೇ ಬರೆದು ಕಳಿಸ್ತೇನೆ, ಹಾಕಿಕೊಳ್ಳಿ!”

ಸಂಪಾದಕರು ನಕ್ಕರು, ಆದರೆ ನನ್ನ ಕಡೆ ನೋಡಿದ ನೋಟದಲ್ಲಿ ನಗು ಇರಲಿಲ್ಲ. ನಡೆಯದ ಸಭೆಯ ವರದಿಯನ್ನು ಮೊದಲೇ ಬರೆದಿಡುವುದು ನಮ್ಮ ವೃತ್ತಿಯಲ್ಲಿ ದೊಡ್ಡ ಅಪರಾಧ. ಆ ಸಂಶಯಕ್ಕೆ ಒಬ್ಬ ಪ್ರಾಮಾಣಿಕ ಮನುಷ್ಯ ಗುರಿಯಾಗಿದ್ದರು. ವಿಷಯ ಇಷ್ಟೆ. ಶಾಲೆಯ ಕಂಪ್ಯೂಟರಿನ ಗಡಿಯಾರ ನಮ್ಮ ಊರ ಸಮಯ ಇಟ್ಟುಕೊಂಡಿತ್ತು. ನನ್ನ ಲಿನಕ್ಸ್ ಅದನ್ನು ಗ್ರೀನ್‌ವಿಚ್ ಸಮಯವೆಂದು ತಿಳಿದು, ನಮ್ಮ ಐದೂವರೆ ಗಂಟೆಯನ್ನು ಮೇಲೆ ಕೂಡಿಸಿತ್ತು. ಸರಿಪಡಿಸಲು ಒಂದು ಸಾಲು ಸಾಕಾಯಿತು. ಭಟ್ಟರು ಮತ್ತೆ ಆಫೀಸಿಗೆ ಬಂದು ಕಾಫಿ ಕುಡಿಯಲು ಒಂದು ಮಳೆಗಾಲ ಬೇಕಾಯಿತು.

ಇನ್ನು ತೆಗೆಯುವ ವಿಷಯ. ಸಿ.ಡಿ.ಯಲ್ಲಿ ಜಾಗ ಕಡಿಮೆ. ಹಳೆಯ ಯಂತ್ರಗಳ ಮೆಮೊರಿ ಅದಕ್ಕಿಂತ ಬಿಗಿ. ಒಂದು ಫಾಂಟು ಹೆಚ್ಚು ಹಾಕಬೇಕೆಂದರೆ ಇನ್ನೇನೋ ಹೊರಗೆ ಹೋಗಬೇಕು. ಬೆನ್ನ ಹಿಂದೆ ಅಗಲವಾದ ಕೇಬಲ್ ಚುಚ್ಚುವ ಹಳೆಯ ಕಾಲದ ಪ್ರಿಂಟರುಗಳಿಗೆ ಬೇಕಾದ ತಂತ್ರಾಂಶವನ್ನು ನಾನು ತೆಗೆದದ್ದು ಹೀಗೆ. ನಮ್ಮ ವರದಿಗಾರರು ಯಾರೂ ಮುದ್ರಿಸುತ್ತಿರಲಿಲ್ಲ. ಬರೆದು ಕಳಿಸುವುದಷ್ಟೇ ಅವರ ಕೆಲಸ. ಈಗ ಕೆಲಸ ಬದಲಾಗಿದೆ. ಪೆನ್‌ಡ್ರೈವ್‌ಗಳಲ್ಲಿ ಜಾಗದ ಚಿಂತೆಯಿಲ್ಲ. ಬರೆದದ್ದು ಉಳಿಯಲೆಂದು ಅದರಲ್ಲೇ ಒಂದು ಪಾಲು ಬಿಟ್ಟಿರುತ್ತೇವೆ. ಹೊಸ ಕಂಪ್ಯೂಟರುಗಳು ಮಾತ್ರ ಹೊರಗಿನ ಪೆನ್‌ಡ್ರೈವ್ ಕಂಡರೆ ಅಪರಿಚಿತರನ್ನು ಕಂಡ ನಾಯಿಯ ಹಾಗೆ ಆಡುತ್ತವೆ. ಅದರ ರುಜು ನೋಡದೆ ಒಳಗೆ ಬಿಡುವುದಿಲ್ಲ. ಕಷ್ಟ ಹೋಗಿಲ್ಲ, ಜಾಗ ಬದಲಿಸಿದೆ.

ಕೆರಿಯಪ್ಪ ಮೇಷ್ಟ್ರು ಹೊಸನಗರದಲ್ಲಿ ಪ್ರಾಥಮಿಕ ಶಾಲೆಯ ಕೆಲಸ ಮುಗಿಸಿ, ನಮಗೆ ಸುದ್ದಿ ಕಳಿಸುತ್ತಿದ್ದವರು. ಟೈಲರ್ ಲೋಕಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಕಂಪ್ಯೂಟರ್. ಯಾರೋ ಬಿಟ್ಟುಕೊಟ್ಟ ಹಳೆಯ ಯಂತ್ರ. ಅದರ ಹಾರ್ಡ್ ಡಿಸ್ಕ್ ಸತ್ತಿತ್ತು. ನನ್ನ ಸಿ.ಡಿ. ಇದ್ದರೆ ಡಿಸ್ಕ್ ಬೇಡವಲ್ಲ, ಹಾಗಾಗಿ ಅದೇ ನಡೆದಿತ್ತು. ಮೊದಲ ವಾರವೇ ಒಂದು ವರದಿ ಬರೆದು, ಊಟ ಮಾಡಿ ಬಂದು ಕಳಿಸೋಣವೆಂದು ಆಫ್ ಮಾಡಿ ಹೋಗಿ, ಪೂರಾ ಕಳೆದುಕೊಂಡರು. “ನಿಮ್ಮ ಪೆಟ್ಟಿಗೆಗೆ ನಮ್ಮೂರ ಪಂಚಾಯ್ತಿ ಮೆಂಬರ ಬುದ್ಧಿ ಮಾರಾಯ್ರೆ, ಎದ್ದು ಹೋದ ಕೂಡ್ಲೆ ಮರೀತದೆ” ಎಂದು ಫೋನಿನಲ್ಲಿ ಬೈದರು. ಬರೆದ ತಕ್ಷಣ ಕಳಿಸಿಬಿಡಿ ಎಂದೆ. ಆಮೇಲೆ ದೂರು ಬರಲಿಲ್ಲ. ಕಲಿತರು ಎಂದುಕೊಂಡೆ.

ಸುದ್ದಿಯ ಜೊತೆಗೆ ಅವರು ಇನ್ನೊಂದು ಕೆಲಸ ಹಿಡಿದಿದ್ದರು. ನಮ್ಮ ಕಡೆ ಗೇಣಿದಾರರಾಗಿದ್ದ ಮನೆತನಗಳು ಭೂ ನ್ಯಾಯಮಂಡಳಿಯ ಮುಂದೆ ನಿಂತು ಉಳುತ್ತಿದ್ದ ಗದ್ದೆಯನ್ನು ತಮ್ಮದಾಗಿಸಿಕೊಂಡ ಕಾಲವಿತ್ತಲ್ಲ, ಆಗ ಆ ಕಟಕಟೆಯಲ್ಲಿ ನಿಂತವರು ಏನು ಹೇಳಿದರು, ಏನನ್ನು ಹೇಳಲಾಗಲಿಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವುದು. ಮೇಷ್ಟ್ರ ತಂದೆಯೂ ಹಾಗೆ ನಿಂತವರೇ. ಆದರೆ ಮೇಷ್ಟ್ರು ಅವರನ್ನು ಕೇಳುವ ಮೊದಲೇ ತೀರಿಕೊಂಡಿದ್ದರು. ಎದುರಿಗೆ ಕಾಗದ, ಪೆನ್ನು ತೆಗೆದರೆ ಜನ ಸರ್ಕಾರದವರು ಬಂದಂತೆ ಬಾಯಿ ಮುಚ್ಚುತ್ತಿದ್ದರು. ಹಾಗಾಗಿ ಬರಿಗೈಯಲ್ಲಿ ಹೋಗಿ, ಕೇಳಿಸಿಕೊಂಡು, ನೇರ ಬಂದು ಟೈಪ್ ಮಾಡುತ್ತಿದ್ದರು. ದಾರಿಯಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಆಡಿದರೆ ಕೇಳಿದ್ದು ಕಲಸಿಹೋಗುತ್ತದೆಂದು. ಅವರು ತುಟಿ ಬಿಗಿದುಕೊಂಡು ಬಿರುಸಾಗಿ ನಡೆಯುವುದು ಕಂಡರೆ ಪೇಟೆಯವರು, “ಮೇಷ್ಟ್ರ ಬಾಯ್ತುಂಬ ಯಾರ್ದೋ ಮಾತಿದೆ, ಕರೀಬ್ಯಾಡ್ರಿ” ಎನ್ನುತ್ತಿದ್ದರು.

ಪತ್ರಿಕೆಯಲ್ಲಿ ಅದನ್ನು ಪುರವಣಿಯಾಗಿ ತರುವುದೆಂದು ಸಂಪಾದಕರು ಒಪ್ಪಿದ್ದರು. ಒಂದಿಷ್ಟನ್ನು ಕಳಿಸಿ ಎಂದರೆ ಮೇಷ್ಟ್ರು, “ಅರ್ಧ ಬೆಂದ ಅನ್ನಕ್ಕೆ ಯಾರಾದ್ರೂ ಎಲೆ ಹಾಕ್ತಾರಾ?” ಎನ್ನುತ್ತಿದ್ದರು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಫೋನ್ ಬಂತು.

“ಈ ಪೆಟ್ಟಿಗೆ ತೆವಳ್ತಾ ಇದೆ ನಾಗರಾಜ್ರೆ. ಒಂದಕ್ಷರ ಒತ್ತಿದ್ರೆ ಎಲೆ ಅಡಿಕೆ ಹಾಕ್ಕೊಂಡು, ಉಗುಳಿ, ಆಮೇಲೆ ಬರ್ತದೆ.”

“ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಷ್ಟ್ರೆ.”

“ಅದೊಂದು ಬಿಟ್ಟು ಬೇರೆ ಎಂತಾದ್ರೂ ಹೇಳಿ.”

“ಯಾಕೆ?”

“ಆಫ್ ಮಾಡಿದ್ರೆ ತಾನೆ ಅದು ಮರೆಯೋದು? ನಾನು ಆಫೇ ಮಾಡ್ಲಿಲ್ಲ.”

“ಯಾವಾಗಿಂದ?”

“ಗದ್ದೆ ಕೊಯ್ಲು ಆದಾಗಿಂದ. ಇನ್ವರ್ಟರಿಗೆ ಲೋಕಪ್ಪ ದೊಡ್ಡ ಬ್ಯಾಟ್ರಿ ಹಾಕ್ಸಿದಾನೆ. ಕರೆಂಟ್ ಹೋಗ್ಲಿ ಬರ್ಲಿ, ಇದಕ್ಕೆ ಗೊತ್ತೇ ಆಗಲ್ಲ.”

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. “ಮೇಷ್ಟ್ರೆ, ಮುದುಕರ ಮಾತೆಲ್ಲ ಎಲ್ಲಿಟ್ಟಿದೀರಿ?”

“ಇಲ್ಲೇ, ಕಣ್ಣೆದುರಿಗೇ. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಕಡತ ಮಾಡಿ ಇಟ್ಟಿದೀನಿ.”

ಯಂತ್ರ ಏಕೆ ತೆವಳುತ್ತಿತ್ತೆಂದು ಆಗ ಅರ್ಥವಾಯಿತು. ತಿಂಗಳುಗಟ್ಟಲೆ ಒಂದೇ ಉಸಿರಿನಲ್ಲಿ ಓಡಿ ಅದರ ಮೆಮೊರಿ ತುಂಬಿತ್ತು. ಹೇಳಿದವರ ಮಾತೆಲ್ಲ ಇದ್ದದ್ದೂ ಅದರಲ್ಲೇ. ಲೈವ್ ಬಳಸುವ ಯಾರೂ ಹೀಗೆ ಮಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಆದರೆ ತರ್ಕ ನೋಡಿದರೆ ತಪ್ಪು ಹೇಳುವಂತಿರಲಿಲ್ಲ. ಆಫ್ ಮಾಡಿದರೆ ಮರೆಯುತ್ತದೆ ಎಂದು ಹೇಳಿದವನು ನಾನೇ. ಅವರು ಅದನ್ನು ಪಾಲಿಸಿದ್ದರು. ಅಷ್ಟನ್ನೂ ಈಗಲೇ ಇ–ಮೇಲ್ ಮಾಡಿ ಎಂದೆ. “ಒಂದ್ಸಲ ಓದಿ ತಿದ್ದಿ ನಾಳೆ ಸಂಜೆ ಕಳಿಸ್ತೀನಿ” ಎಂದರು.

ಮರುದಿನ ಮಧ್ಯಾಹ್ನ ಹೊಸನಗರಕ್ಕೆ ಆ ವರ್ಷದ ಮೊದಲ ಗುಡುಗುಮಳೆ ಬಂತು. ಅದರ ಹಿಂದೆಯೇ ಲೋಕಪ್ಪನ ಫೋನ್.

“ಸಾರ್, ಮೇಷ್ಟ್ರ ಟೆಲಿಫೋನ್ ಲೈನಿಗೆ ಸಿಡ್ಲು ಬಡೀತು. ಮೋಡೆಮ್ಮು ಕರಟಿಹೋಯ್ತು, ಅಂಗಡಿ ತುಂಬ ಸುಟ್ಟ ವಾಸ್ನೆ.”

“ಕಂಪ್ಯೂಟರ್?”

“ನಡೀತಾ ಇದೆ. ಕರೆಂಟಿಲ್ಲ, ಬ್ಯಾಟ್ರೀಲಿ ಇದೆ.”

“ಮೇಷ್ಟ್ರು?”

“ಅದ್ರ ಮುಂದೆ ಕೂತಿದಾರೆ. ಯಾರಿಗೂ ಮುಟ್ಟೋಕೆ ಬಿಡ್ತಿಲ್ಲ.”

ಸಂಪಾದಕರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಪುಟ ಕೆಳಗಿಟ್ಟರು. “ಅವರಿಗೆ ತಮ್ಮ ಕಥೆ ಹೇಳಿದವರಲ್ಲಿ ಕೆಲವರು ಈಗಾಗಲೇ ಇಲ್ಲ. ಮತ್ತೆ ಕೇಳಿಕೊಂಡು ಬರ್ತೀನಿ ಅಂದರೆ ಯಾರನ್ನ ಕೇಳೋದು? ಪೇಪರ್ ಜೀಪ್ ತಗೊಂಡು ಹೋಗಿ.” ವಿಶೇಷಣವಿಲ್ಲದ ಅಷ್ಟೇ ಮಾತು. ಬೆಳಗಿನ ಪತ್ರಿಕೆ ಹಂಚಿ ಬಂದ ಜೀಪಿನಲ್ಲೇ ಹೊರಟೆ. ರಸ್ತೆಗೆ ಬಿದ್ದ ಮರವೊಂದನ್ನು ಕಡಿದು ಸರಿಸುವವರೆಗೆ ಕಾಯಬೇಕಾಯಿತು.

ಕೋಣೆಯಲ್ಲಿ ಹಳೆಯ ದಪ್ಪ ಮಾನಿಟರಿನ ಬೆಳಕು. ಅದರ ಮುಂದೆ ಮೇಷ್ಟ್ರು. ನನ್ನನ್ನು ಕಂಡು, “ಬಂದ್ರಾ” ಎಂದಷ್ಟೇ ಅಂದರು.

ಒಂದೊಂದೇ ಬಾಗಿಲು ನೋಡಿದೆ. ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳು ಸತ್ತಿದ್ದವು. ಇಂಟರ್ನೆಟ್ಟಿನ ಕಿಂಡಿ ಕಪ್ಪಾಗಿತ್ತು. ಸಿ.ಡಿ. ಡ್ರೈವ್ ಓದಬಲ್ಲದೇ ಹೊರತು ಬರೆಯಲಾರದು. ಅದರೊಳಗೆ ಇದ್ದದ್ದು ನಮ್ಮದೇ ಸಿ.ಡಿ., ತೆಗೆದರೆ ಯಂತ್ರ ಬೀಳುತ್ತದೆ. ಇನ್ನೊಂದು ಹಳೆಯ ಕಿಂಡಿಯಿಂದ ಬೇರೆ ಕಂಪ್ಯೂಟರಿಗೆ ಸಾಗಿಸಬಹುದಿತ್ತು, ಅದಕ್ಕೆ ಬೇಕಾದ ಕೇಬಲ್ ಶಿವಮೊಗ್ಗದಿಂದ ತರಿಸಬೇಕು. ತೆರೆ ಆಗಲೇ ನಡುನಡುವೆ ನಡುಗಿ ನಿಲ್ಲುತ್ತಿತ್ತು. ಅಷ್ಟು ಹೊತ್ತು ಅದು ಉಳಿಯುತ್ತದೆಂದು ನಂಬುವಂತಿರಲಿಲ್ಲ. ತೆರೆಯ ಫೋಟೋ ತೆಗೆದುನೋಡಿದೆ; ಆಗಿನ ಮೊಬೈಲಿನಲ್ಲಿ ಒತ್ತಕ್ಷರಗಳೆಲ್ಲ ಇರುವೆ ಸತ್ತ ಹಾಗೆ ಕಪ್ಪು ಚುಕ್ಕೆ. ಬ್ಯಾಟರಿಯ ದೀಪ ಕೆಂಪಾಗುತ್ತಿತ್ತು. ಮೊದಲು ಅದಕ್ಕೊಂದು ದಾರಿ ಮಾಡಿದೆವು: ಜೀಪನ್ನು ಅಂಗಡಿಯ ಬಾಗಿಲಿಗೆ ತಂದು, ಅದರ ಬ್ಯಾಟರಿಯಿಂದ ಇನ್ವರ್ಟರಿಗೆ ತಂತಿ ಎಳೆದು, ಎಂಜಿನ್ ಚಾಲೂ ಇಟ್ಟೆವು.

ಆಗ ಲೋಕಪ್ಪ ಹೊರಗೆ ಓಡಿದವನು ಆಟೋದಲ್ಲಿ ಒಂದು ಭಾರಿ ಹಳೆಯ ಪ್ರಿಂಟರ್ ಹೇರಿಕೊಂಡು ಬಂದ. ಸೊಸೈಟಿಯವರು ಅಟ್ಟಕ್ಕೆಸೆದದ್ದು. ಅದರ ಅಗಲದ ಕೇಬಲ್ ಕಂಪ್ಯೂಟರಿನ ಬೆನ್ನಿಗೆ ಸರಿಯಾಗಿ ಕೂತಿತು. ಮೇಷ್ಟ್ರ ಮುಖ ಅರಳಿತು. ಮುದ್ರಿಸು ಎಂದು ಕೊಟ್ಟೆ. ಏನೂ ಆಗಲಿಲ್ಲ.

“ಏನ್ ಸಾರ್, ಉಸಿರೇ ಬಿಡ್ತಿಲ್ಲ?” ಎಂದ ಲೋಕಪ್ಪ.

“ಇದನ್ನ ಮಾತಾಡ್ಸೋ ತಂತ್ರಾಂಶ ನಮ್ಮ ಸಿ.ಡಿ.ಯಲ್ಲಿಲ್ಲ.”

“ಯಾರು ತೆಗ್ದಿದ್ದು?”

“ನಾನೇ. ಜಾಗ ಸಾಲ್ದೆ.”

“ಅಯ್ಯ! ನಾವು ಪ್ಯಾಂಟ್ ಹೊಲಿಯೋವಾಗ ಒಳಗೆ ಎರಡು ಬೆರಳು ಬಟ್ಟೆ ಬಿಡ್ತೀವಪ್ಪ, ಮುಂದೆ ಹೊಟ್ಟೆ ಬಂದ್ರೆ ಬೇಕಾಗ್ತದೆ ಅಂತ.”

“ನಿನ್ನದು ಪ್ಯಾಂಟು ಲೋಕಪ್ಪ. ನಂಗೆ ಕೊಟ್ಟಿದ್ದು ಕರ್ಚೀಫು.”

ಈ ಕೆಲಸಕ್ಕೆ ಬರುವವರಿಗೆ ಇಲ್ಲೊಂದು ಮಾತು. ಅದನ್ನು ತೆಗೆದದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಉಳಿಸಿಕೊಂಡಿದ್ದರೆ ಕನ್ನಡದ ಫಾಂಟು ಹೊರಗೆ ಹೋಗುತ್ತಿತ್ತು, ಮೇಷ್ಟ್ರು ಬರೆಯುವುದೇ ಆಗುತ್ತಿರಲಿಲ್ಲ. ನೀವು ಏನನ್ನೇ ತೆಗೆಯಿರಿ, ಒಂದಲ್ಲ ಒಂದು ದಿನ ಅದು ಯಾರಿಗೋ ಬೇಕಾಗಿಯೇ ಆಗುತ್ತದೆ. ಆ ದಿನ ನೀವು ಅಲ್ಲಿಗೆ ಹೋಗಿ ನಿಲ್ಲಬೇಕು.

ಉಳಿದದ್ದು ತೆರೆ ಮತ್ತು ಕಣ್ಣು. ವರದಿಗಾರನಾಗಿದ್ದಾಗ ದೊಡ್ಡ ಭಾಷಣಗಳನ್ನು ನಾವು ಸರದಿಯಲ್ಲಿ ಬರೆದುಕೊಳ್ಳುತ್ತಿದ್ದೆವು. ಒಬ್ಬ ಬರೆದು ದಣಿಯುವ ಮೊದಲೇ ಪಕ್ಕದವನು ಹಿಡಿಯುತ್ತಾನೆ, ಹಾಗಾಗಿ ಒಂದು ಮಾತೂ ಬಿಡುವುದಿಲ್ಲ. ಅದನ್ನೇ ಮಾಡೋಣವೆಂದೆ. ಮೇಷ್ಟ್ರು ಓದುವುದು, ನಾವು ಸರದಿಯಲ್ಲಿ ಬರೆಯುವುದು. ಲೋಕಪ್ಪ ಶಾಲೆಗೆ ಬೇಸಿಗೆ ರಜೆಯಿದ್ದ ಸವಿತಾ ಟೀಚರನ್ನು ಕರೆತಂದ. ಆಕೆ ಮೇಷ್ಟ್ರ ಹಳೆಯ ಶಿಷ್ಯೆ. ಆಕೆಯ ಅಜ್ಜಿ ಗುತ್ಯಮ್ಮನ ಬಳಿಯೂ ಮೇಷ್ಟ್ರು ಹೋಗಿ ಮಾತು ಕೇಳಿ ಬಂದಿದ್ದರು. ಅಜ್ಜಿ ಶಿವರಾತ್ರಿಯ ಹೊತ್ತಿಗೆ ತೀರಿಕೊಂಡಿದ್ದರು.

“ಅಜ್ಜಿದನ್ನ ನಾನೇ ಬರೀತೀನಿ, ಬೇರೆಯವ್ರಿಗೆ ಕೊಡ್ಬೇಡಿ ಮೇಷ್ಟ್ರೆ” ಎಂದು ಬಂದವಳೇ ಹೇಳಿದಳು. ಮೇಷ್ಟ್ರು ತಲೆಯಾಡಿಸಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

ಓದು ಶುರುವಾಯಿತು. ಸವಿತಾ ಮತ್ತು ಲೋಕಪ್ಪ ಬಟ್ಟೆ ಕತ್ತರಿಸುವ ಮೇಜಿನಲ್ಲಿ. ನಾನು ಮೇಷ್ಟ್ರ ಪಕ್ಕದಲ್ಲಿ, ತೆರೆ ನಿಂತರೆ ನೋಡಿಕೊಳ್ಳಲೆಂದು. ಮೇಷ್ಟ್ರು ಪಾಠ ಹೇಳುವ ಧ್ವನಿಯಲ್ಲಿ ಓದಲಿಲ್ಲ. ಒಬ್ಬೊಬ್ಬರದನ್ನು ಅವರವರ ಧಾಟಿಯಲ್ಲೇ ಓದಿದರು, ಕೆಮ್ಮುವಲ್ಲಿ ಕೆಮ್ಮಿದರು. ಗದ್ದೆಯ ನಾಲ್ಕು ಗಡಿ ಹೇಳು ಎಂದು ನ್ಯಾಯಮಂಡಳಿಯವರು ಕೇಳಿದಾಗ ಒಬ್ಬರಿಗೆ ಆ ಮುಚ್ಚಿದ ಕೋಣೆಯಲ್ಲಿ ಮೂಡಣ ಯಾವುದು, ಪಡುವಣ ಯಾವುದು ತಿಳಿಯದೆ ಬಾಯಿ ಕಟ್ಟಿತಂತೆ. ಎದುರು ಪಕ್ಷದವರು, ಉಳದವನಿಗೆ ಗಡಿ ಹೇಗೆ ಗೊತ್ತಾದೀತು ಎಂದು ನಕ್ಕರಂತೆ. “ಹೊರಗೆ ಬನ್ನಿ ಸ್ವಾಮಿ, ಹೊತ್ತು ನೋಡ್ಕಂಡು ಹೇಳ್ತೀನಿ ಅಂದೆ. ಒಬ್ರು ಎದ್ದು ಬಂದ್ರು. ಅಂಗಳದಲ್ಲಿ ನಿಂತು ಹೇಳ್ದೆ. ಅಷ್ಟೇ ನಾನು ಗೆದ್ದಿದ್ದು.”

ಲೋಕಪ್ಪ ಪೆನ್ನು ನಿಲ್ಲಿಸಿದ. “ಎದ್ದು ಬಂದಿದ್ದು ಒಬ್ರಲ್ಲ ಮೇಷ್ಟ್ರೆ, ಇಬ್ರು. ನಮ್ಮ ದೊಡ್ಡಪ್ಪ ಅಲ್ಲೇ ಇದ್ದ, ಯಾವಾಗ್ಲೂ ಹೇಳ್ತಿದ್ದ.”

“ಇವ್ರು ಒಬ್ರು ಅಂದಿದಾರೆ. ಒಬ್ರು ಅಂತ್ಲೇ ಬರಿ.”

“ತಪ್ಪು ಅಂತ ಗೊತ್ತಿದ್ದೂ?”

“ನಿಮ್ಮ ದೊಡ್ಡಪ್ಪಂದು ಪಕ್ಕದಲ್ಲಿ ಬೇರೆ ಬರ್ಕೊ. ಇವ್ರ ಬಾಯಿಗೆ ತುರುಕ್‌ಬೇಡ.”

ಡೆಸ್ಕಿನಲ್ಲಿ ನಾನು ಹೊಸಬರಿಗೆ ಹೇಳಿಕೊಡುತ್ತಿದ್ದದ್ದೂ ಅದನ್ನೇ. ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಕತ್ತಲಾಗುವ ಮೊದಲು ನಿಲ್ಲಿಸಿದೆವು. ಯಂತ್ರವನ್ನೂ ಓಡುತ್ತಲೇ ಇದ್ದ ಜೀಪಿನ ಎಂಜಿನ್ನನ್ನೂ ಕಾಯಲು ಲೋಕಪ್ಪ ಅಂಗಡಿಯಲ್ಲೇ ಮಲಗಿದ. ಬೆಳಿಗ್ಗೆ ಹೋದಾಗ ತೆರೆ ಹಾಗೇ ಇತ್ತು. ಲೋಕಪ್ಪನ ಕಣ್ಣುಗಳು ಕೆಂಪಗಿದ್ದವು.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೊನೆಯ ಕೆಲವು ಹೆಸರುಗಳಿಗೆ ಬಂದಿದ್ದೆವು. ಮೇಷ್ಟ್ರು ಒಂದು ಕಡತ ಮುಚ್ಚಿ, ಪಟ್ಟಿಯಲ್ಲಿ ಕೆಳಗಿನದಕ್ಕೆ ಹೋಗುವಾಗ ಬಾಣದ ಗುಂಡಿಯನ್ನು ಎರಡು ಸಲ ಒತ್ತಿದರು. ದಾಟಿಹೋದ ಹೆಸರು ಗುತ್ಯಮ್ಮನದು. ಕೈ ತಪ್ಪಿತೆಂದುಕೊಂಡು ಅವರ ಮುಖ ನೋಡಿದೆ. ಅವರು ತೆರೆಯಿಂದ ಕಣ್ಣು ತೆಗೆಯದೆ ಮುಂದಿನವರದನ್ನು ಓದತೊಡಗಿದರು. ನಾನು ಬರೆದೆ.

ಎಲ್ಲ ಮುಗಿಯಿತು ಎಂದಾಗ ಸವಿತಾ ಹಾಳೆಗಳನ್ನು ಜೋಡಿಸಿ ನೋಡಿದಳು. “ನಮ್ಮಜ್ಜಿದು ಬರ್ಲೇ ಇಲ್ವಲ್ಲ ಮೇಷ್ಟ್ರೆ?”

“ನಿಮ್ಮಜ್ಜಿ ನಂಗೆ ಕಾಫಿ ಕೊಟ್ರು ತಂಗಿ. ಮಾತು ಕೊಡ್ಲಿಲ್ಲ.”

“ಮಧ್ಯಾಹ್ನ ಪೂರಾ ಕೂತಿದ್ರಿ ಜಗಲೀಲಿ. ನಾನೇ ನೋಡಿದೀನಿ.”

“ಕೂತಿದ್ದೆ. ಪತ್ರೊಡೆಗೆ ಕೆಸುವಿನೆಲೆ ಯಾವ್ದು ಗಂಟಲು ಕೆರೆಯಲ್ಲ, ಯಾವ್ದು ಕೆರೀತದೆ ಅಂತ ಹೇಳ್ತಾ ಇದ್ರು.”

ಆಕೆ ಸ್ವಲ್ಪ ಹೊತ್ತು ಮೇಷ್ಟ್ರನ್ನೇ ನೋಡಿದಳು. “ಅದನ್ನಾದ್ರೂ ಬರ್ಕೋಬೇಕಿತ್ತು” ಎಂದಳು. ಧ್ವನಿಯಲ್ಲಿ ನಂಬಿದ್ದೂ ಇರಲಿಲ್ಲ, ನಂಬದ್ದೂ ಇರಲಿಲ್ಲ. ಹಾಳೆಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಲೋಕಪ್ಪ ಮುಂದಿನ ಅಂಗಡಿಗೆ ಹೋಗಿ, ನಿಂತಿದ್ದ ಹೊಲಿಗೆ ಹಿಡಿದ.

ಉಳಿದದ್ದು ನಾವಿಬ್ಬರೇ. ಆಕೆಯ ಅಜ್ಜಿಯ ಹೆಸರು ತೆರೆಯ ಮೇಲೆ ಇನ್ನೂ ಇತ್ತು.

“ಮೇಷ್ಟ್ರೆ, ಇದು ಇದೆಯಲ್ಲ?”

“ಇದೆ.” ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ಹೇಳಿ ಮುಗಿಸಿದ ಮರುದಿನ ಆಯಮ್ಮ ನಂಗೆ ಹೇಳಿಕಳಿಸಿದ್ರು. ಹೋದೆ. ಅದನ್ನ ಅಳಿಸಿಬಿಡು ತಮ್ಮಾ ಅಂದ್ರು. ನ್ಯಾಯಮಂಡಳೀಲಿ ಎದುರುಬದುರು ನಿಂತ ಆ ಎರಡು ಮನೆಯವರು ಈಗ ಒಂದೇ ಪಂಕ್ತೀಲಿ ಕೂತು ಉಣ್ತಾರೆ, ಸವಿತಂಗೆ ಗಂಡು ನೋಡಿದ್ದೂ ಅವರೇ ಅಂದ್ರು. ಹ್ಞೂಂ ಅಂದು ಬಂದೆ. ಅಳಿಸೋಕೆ ಕೂತ್ರೆ ಕೈ ಬರ್ಲಿಲ್ಲ. ಅಂಥ ಮಾತು ನಾನು ಮತ್ತೆಲ್ಲೂ ಕೇಳಿಲ್ಲ ನಾಗರಾಜ್ರೆ. ನಾಳೆ ಅಳಿಸ್ತೀನಿ, ನಾಳೆ ಅಳಿಸ್ತೀನಿ ಅಂತ ಇಟ್ಕೊಂಡೆ. ಅಷ್ಟರಲ್ಲಿ ಆಯಮ್ಮ ಹೋಗ್ಬಿಟ್ರು.”

“ಇನ್ನು ಕೇಳೋಕೆ ಅವರಿಲ್ಲ. ಇದು ದಾಖಲೆ ಮೇಷ್ಟ್ರೆ. ಹೆಸರು ತೆಗೆದು ಪತ್ರಿಕೇಲಿ ಹಾಕಬಹುದು.”

“ಹೆಸರು ತೆಗೆದ್ರೆ ಹೊಸನಗರದಲ್ಲಿ ಯಾರಿಗೆ ತಿಳಿಯಲ್ಲ, ಹೇಳಿ?”

“ಹಾಕೋದು ಬೇಡ. ಬರೆದು ಇಟ್ಟುಕೊಳ್ಳೋಣ. ಮುಂದೆ ಯಾವತ್ತಾದರೂ—”

“ನೀವು ಡೆಸ್ಕಿನವರು,” ಎಂದರು ಮೇಷ್ಟ್ರು. ಸಿಟ್ಟಿರಲಿಲ್ಲ. “ನಾನು ಅವರ ಜಗಲೀಲಿ ಕೂತವನು.”

ಒಂದು ಮಾತು ಕಳೆದುಹೋಗುವುದು ಯಾವಾಗಲೂ ನಷ್ಟ ಎಂದು ವೃತ್ತಿಯುದ್ದಕ್ಕೂ ನಂಬಿದ್ದವನು ನಾನು. ನೆನಪಿಡದ ವ್ಯವಸ್ಥೆಯನ್ನು ನನ್ನ ಕೈಯಾರೆ ಕಟ್ಟಿ ಹಂಚಿದವನೂ ನಾನೇ. ಈ ಎರಡೂ ಒಂದೇ ಮೇಜಿನ ಮೇಲೆ ಎದುರುಬದುರಾಗಿ ಕೂತದ್ದು ಆ ಮಧ್ಯಾಹ್ನ ಒಂದು ಸಲ ಮಾತ್ರ.

ಮೇಷ್ಟ್ರು ಕೇಳಿದರು: “ಇದನ್ನ ನಿಲ್ಲಿಸಿದ್ರೆ ಆ ಮಾತು ಎಲ್ಲಿಗೆ ಹೋಗ್ತದೆ?”

“ಎಲ್ಲಿಗೂ ಹೋಗಲ್ಲ. ಇರೋದೇ ಇಲ್ಲ.”

“ಈ ಪೆಟ್ಟಿಗೇನ ಶಿವಮೊಗ್ಗಕ್ಕೋ ಬೆಂಗಳೂರಿಗೋ ತಗೊಂಡು ಹೋಗಿ ಕೊಟ್ರೆ?”

“ಯಾರಿಗೂ ಸಿಗಲ್ಲ.”

ಅವರು ಆ ಕಡತವನ್ನು ತೆರೆದರು. ನಾನು ಎದ್ದು ಕಿಟಕಿಯ ಬಳಿ ಹೋಗಿ ನಿಂತೆ. ಹಿಂದೆ ಅವರು ಒಬ್ಬರೇ ತುಟಿಯಲ್ಲಿ ಓದಿಕೊಳ್ಳುವ ಸದ್ದು ಕೇಳಿಸಿತು, ಮಾತು ಕೇಳಿಸಲಿಲ್ಲ. ಓದಿ ಮುಗಿದ ಮೇಲೆ ನನ್ನನ್ನು ಕರೆದು, ಯಾವ ಗುಂಡಿ ಎಂದು ಕೇಳಿದರು. ತೋರಿಸಿದೆ. ಸಿ.ಡಿ.ಯ ತಟ್ಟೆ ತಾನಾಗಿ ಹೊರಗೆ ಬಂತು. ಸಿ.ಡಿ. ತೆಗೆದು ಎಂಟರ್ ಒತ್ತಿ ಎಂಬ, ನಾನೇ ಕನ್ನಡಿಸಿದ್ದ ಸಾಲು ತೆರೆಯ ಮೇಲೆ ನಿಂತಿತು. ಮೇಷ್ಟ್ರು ಬಿಸಿಯಾಗಿದ್ದ ಸಿ.ಡಿ.ಯನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕೈಗೆ ಕೊಟ್ಟು, ಎಂಟರ್ ಒತ್ತಿದರು.

ಕೊಯ್ಲಿನಿಂದ ಆ ಕೋಣೆಯಲ್ಲಿ ತಿರುಗುತ್ತಿದ್ದ ಕಂಪ್ಯೂಟರಿನ ಫ್ಯಾನಿನ ಸದ್ದು ನಿಂತಿತು. ಮುಂದಿನ ಅಂಗಡಿಯಲ್ಲಿ ಲೋಕಪ್ಪನ ಹೊಲಿಗೆ ಯಂತ್ರವೂ ತಟ್ಟನೆ ನಿಂತಿತು. ಅವನು ಗಾಬರಿಯಿಂದ ಒಳಗೆ ಇಣುಕಿದ.

“ಬ್ಯಾಟ್ರಿ ಹೋಯ್ತಾ ಮೇಷ್ಟ್ರೆ?”

“ಇಲ್ಲ ಕಣೋ,” ಎಂದರು ಮೇಷ್ಟ್ರು. “ನಾನೇ ಆಫ್ ಮಾಡ್ದೆ.”